ಕಟ್ಟಿದ್ದು, ಕೆಟ್ಟಿದ್ದು, ರಿಪೇರಿಯಾದದ್ದು: ಕ್ವೀನ್ ಮೇರಿ 2 ಬಗ್ಗೆ ನಿಮ್ಮ ಪ್ರಶ್ನೆಗಳು

ಎರಡು ಸಂಚಿಕೆ ಹಿಂದೆ ಟೈಟಾನಿಕ್ ಬಗ್ಗೆ ಯಾರೋ ಕೇಳಿದ್ದಕ್ಕೆ ಉತ್ತರ ಬರೆಯುತ್ತಾ, ‘ಅಟ್ಲಾಂಟಿಕ್ ದಾಟುವುದಕ್ಕೇ ಅಂತ ಕಟ್ಟಿ, ಇವತ್ತಿಗೂ ಅದೇ ಕೆಲಸ ಮಾಡುತ್ತಿರುವ ಲೈನರ್ ಹಡಗು ಒಂದೇ ಒಂದು, ಕ್ವೀನ್ ಮೇರಿ 2’ ಅಂತ ಒಂದು ಸಾಲು ಸೇರಿಸಿದ್ದೆ. ಸುಮ್ನೆ ಸೇರಿಸಿದ ಸಾಲು ಅದು. ಆದರೆ ಟೈಟಾನಿಕ್‌ಗಿಂತ ಜಾಸ್ತಿ ಪತ್ರ ಬಂದದ್ದು ಆ ಸಾಲಿಗೇ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೆ. ಇನ್ವರ್ಟರ್ ಬ್ಯಾಟರಿ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ.

ಸುರತ್ಕಲ್‌ನಿಂದ ಓದುಗರೊಬ್ಬರು: ಪಣಂಬೂರಿನ ಬಂದರಿಗೆ ಬರುವ ಕ್ರೂಸ್ ಹಡಗುಗಳನ್ನು ನಾವು ದೂರದಿಂದ ನೋಡುತ್ತೇವೆ. ಒಂದು ಅಪಾರ್ಟ್‌ಮೆಂಟನ್ನು ಎತ್ತಿ ನೀರಿನ ಮೇಲಿಟ್ಟ ಹಾಗಿರುತ್ತದೆ. ಇದೂ ಅದೇ ಅಲ್ವಾ? ನೀವು ‘ಲೈನರ್’ ಅಂತ ಬೇರೆ ಹೆಸರು ಯಾಕೆ ಕೊಟ್ಟಿರಿ?

ನಿಮ್ಮ ಊರಿನ ಲೆಕ್ಕದಲ್ಲೇ ಹೇಳುತ್ತೇನೆ. ಕ್ರೂಸ್ ಹಡಗು ಅಂದರೆ ಟೂರಿಸ್ಟ್ ಬಸ್ಸು, ಲೈನರ್ ಅಂದರೆ ಲೈನ್ ಬಸ್ಸು. ಮಳೆ ಜೋರಾದರೆ ಟೂರಿಸ್ಟ್ ಬಸ್ಸಿನವನು ಜೋಗ ಬಿಟ್ಟು ಬೇರೆ ಕಡೆ ತಿರುಗಿಸಬಹುದು. ಲೈನ್ ಬಸ್ಸಿನವನಿಗೆ ಆ ಸುಖ ಇಲ್ಲ. ಏನೇ ಆಗಲಿ, ಹೊತ್ತಿಗೆ ಸರಿಯಾಗಿ ಆಚೆ ಊರು ಮುಟ್ಟಿಸಬೇಕು. ಕ್ವೀನ್ ಮೇರಿ 2ರ ರೂಟು ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನ ಅಲೆಗಳು ಏನು ಮಾಡುತ್ತವೆ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಕಟ್ಟಿದ್ದು.

ವ್ಯತ್ಯಾಸ ಮೈಕಟ್ಟಿನಲ್ಲೇ ಇದೆ. ವಿನ್ಯಾಸ ಮಾಡಿದವರು ಸ್ಟೀಫನ್ ಪೇನ್ ಅನ್ನುವ ಬ್ರಿಟಿಷ್ ಎಂಜಿನಿಯರ್. ಸಾಮಾನ್ಯ ಕ್ರೂಸ್ ಹಡಗಿಗಿಂತ ಸುಮಾರು ಶೇ 40ರಷ್ಟು ಜಾಸ್ತಿ ಉಕ್ಕು ಇದಕ್ಕೆ ಹೋಗಿದೆ. ಮೂತಿ ಉದ್ದ, ಚೂಪು. ಕ್ರೂಸ್ ಹಡಗಿನಲ್ಲಿ ಜಾಗ ವ್ಯರ್ಥ ಅಂತ ಮೂತಿಯವರೆಗೂ ಕೋಣೆ ತುಂಬುತ್ತಾರೆ. ಇಲ್ಲಿ ಮುಂದಿನ ಡೆಕ್ಕು ಬಯಲಿನ ಹಾಗೆ ಖಾಲಿ, ಅದರ ನಡುವೆ ಅಲೆಯ ನೀರನ್ನು ಎರಡೂ ಬದಿಗೆ ಸೀಳಿ ಹಾಕುವ ಉಕ್ಕಿನ ಅಡ್ಡಗೋಡೆ. ಅಲ್ಲೇ ಪ್ರೊಪೆಲ್ಲರ್‌ನ ಬಿಡಿ ರೆಕ್ಕೆಗಳನ್ನು ಬೋಲ್ಟ್ ಹಾಕಿ ಮಲಗಿಸಿದ್ದಾರೆ. ನೋಡಿದವರು ಯಾರೋ ಶಿಲ್ಪಿ ಮಾಡಿಟ್ಟ ಕಲಾಕೃತಿ ಅಂದುಕೊಳ್ಳುತ್ತಾರಂತೆ. ಅಲ್ಲ, ಜೀಪಿನ ಬೆನ್ನಿಗೆ ಸ್ಟೆಪ್ನಿ ಕಟ್ಟಿದ ಹಾಗೆ.

ಲೈಫ್‌ಬೋಟ್ ವಿಷಯ ನನಗೆ ತುಂಬಾ ಇಷ್ಟ. ಅವು ನೀರಿನಿಂದ 15 ಮೀಟರ್‌ಗಿಂತ ಎತ್ತರದಲ್ಲಿ ಇರಬಾರದು ಅಂತ ಅಂತರರಾಷ್ಟ್ರೀಯ ಸುರಕ್ಷತಾ ನಿಯಮ. ಪೇನ್ ಒಪ್ಪಲಿಲ್ಲ. ಅಷ್ಟು ಕೆಳಗಿಟ್ಟರೆ ಅಟ್ಲಾಂಟಿಕ್ ಅಲೆ ಬಡಿದು ದೋಣಿಗಳೇ ಪುಡಿಯಾಗುತ್ತವೆ ಅಂತ ವಾದಿಸಿ, ವಿನಾಯಿತಿ ಪಡೆದು, ಸುಮಾರು 25 ಮೀಟರ್ ಎತ್ತರಕ್ಕೆ ಏರಿಸಿದರು. ಇನ್ನು ಹೊಗೆ ಕೊಳವೆ, ಅದು ಆ ಉದ್ದಕ್ಕೆ ಸ್ವಲ್ಪ ಗಿಡ್ಡ ಅನ್ನಿಸುತ್ತದೆ. ನ್ಯೂಯಾರ್ಕ್ ಬಂದರಿನ ಬಾಯಲ್ಲಿ ವೆರಝಾನೋ ಸೇತುವೆ ಇದೆ, ಅದರ ಕೆಳಗೆ ತೂರಬೇಕಲ್ಲ! ಹಡಗಿನ ಉದ್ದ 345 ಮೀಟರ್. ಟೈಟಾನಿಕ್ 269 ಇತ್ತು.

ಹುಬ್ಬಳ್ಳಿಯಿಂದ, ವೆಲ್ಡಿಂಗ್ ಶಾಪ್ ಇಟ್ಟಿರುವ ಓದುಗರು: ಒಂದು ಗೇಟ್ ಮಾಡಿಕೊಡುವುದರೊಳಗೆ ನಮಗೆ ಸಾಕಾಗುತ್ತದೆ. ಇಷ್ಟು ದೊಡ್ಡದನ್ನು ಹೇಗ್ರೀ ಜೋಡಿಸುತ್ತಾರೆ? ಎಷ್ಟು ವರ್ಷ ಬೇಕು?

ಎರಡು ವರ್ಷವೂ ಹಿಡಿಯಲಿಲ್ಲ, ನಂಬುತ್ತೀರಾ? ಫ್ರಾನ್ಸಿನ ಪಶ್ಚಿಮ ತೀರದಲ್ಲಿ, ಲೋಯಿರ್ ನದಿ ಸಮುದ್ರ ಸೇರುವ ಕಡೆ ಸೇಂಟ್ ನಜೇರ್ ಅಂತ ಊರು. ಅಲ್ಲಿನ ಶಾಂತಿಯೇ ದ ಲಾಟ್ಲಾಂಟಿಕ್ ಹಡಗುಕಟ್ಟೆಗೆ ಬ್ರಿಟನ್ನಿನ ಹಡಗು ಕಂಪನಿ ಕುನಾರ್ಡ್ 2000ದ ನವೆಂಬರ್‌ನಲ್ಲಿ ಆರ್ಡರ್ ಕೊಟ್ಟಿತು. ಮೊದಲ ಉಕ್ಕಿನ ಹಾಳೆ ಕತ್ತರಿಸಿದ್ದು 2002ರ ಜನವರಿ. ತಳದ ಮೊದಲ ಭಾಗವನ್ನು ಡ್ರೈ ಡಾಕಿಗೆ, ಅಂದರೆ ನೀರು ಬಸಿದು ಹಡಗು ಕಟ್ಟುವ ದೊಡ್ಡ ಗುಂಡಿಗೆ, ಇಳಿಸಿದ್ದು ಅದೇ ವರ್ಷ ಜುಲೈ 4. ನೀರಿನಲ್ಲಿ ತೇಲಿಸಿದ್ದು 2003ರ ಮಾರ್ಚ್ 21. ಆ ಡಿಸೆಂಬರ್‌ನಲ್ಲಿ ಕೈಗೆ ಕೊಟ್ಟೇಬಿಟ್ಟರು. ಖರ್ಚು ಸುಮಾರು 80 ಕೋಟಿ ಡಾಲರ್.

ಗುಟ್ಟು ಏನೆಂದರೆ ಹಡಗನ್ನು ತಳದಿಂದ ಮೇಲಕ್ಕೆ ಗೋಡೆ ಕಟ್ಟಿದ ಹಾಗೆ ಕಟ್ಟುವುದಿಲ್ಲ. ಕಾರ್ಖಾನೆಯಲ್ಲಿ ತುಂಡು ತುಂಡಾಗಿ ಮಾಡುತ್ತಾರೆ. ಇದರಲ್ಲಿ ಅಂಥ 94 ದೊಡ್ಡ ತುಂಡುಗಳಿದ್ದವು, ಒಂದೊಂದೂ ನೂರಾರು ಟನ್. ಈಗ ನಿಮ್ಮ ಕಸುಬಿನ ಮಾತಿಗೆ ಬರುತ್ತೇನೆ. ಓವರ್‌ಹೆಡ್ ವೆಲ್ಡಿಂಗ್ ಅಂದರೆ ನಿಮಗೆ ಗೊತ್ತು, ಕತ್ತು ಮೇಲೆತ್ತಿ, ಕಿಡಿ ಎಲ್ಲ ಅಂಗಿಯೊಳಗೆ ಬಿದ್ದು, ಕೊನೆಗೆ ಬೀಡ್, ಅಂದರೆ ಬೆಸುಗೆಯ ಗೆರೆ, ಕೂಡ ಸರಿ ಕೂರದೆ ಪ್ರಾಣ ತಿನ್ನುತ್ತದೆ. ಅದಕ್ಕೇ ಹಡಗುಕಟ್ಟೆಗಳಲ್ಲಿ ಸಾಮಾನ್ಯವಾಗಿ ತುಂಡನ್ನು ತಲೆಕೆಳಗಾಗಿ ಕಟ್ಟುತ್ತಾರೆ. ಚಾವಣಿ ನೆಲದ ಮೇಲೆ ಮಲಗಿರುತ್ತದೆ, ಕೆಲಸಗಾರ ಬಗ್ಗಿ ನೋಡಿಕೊಂಡು ಆರಾಮಾಗಿ ವೆಲ್ಡ್ ಮಾಡುತ್ತಾನೆ. ಪೈಪು, ಕೇಬಲ್ ಹೋಗುವ ದಾರಿ ಎಲ್ಲ ಆಗಲೇ ಕೂರಿಸಿ, ಆಮೇಲೆ ಕ್ರೇನ್‌ನಲ್ಲಿ ದೋಸೆ ಮಗುಚಿದ ಹಾಗೆ ಮಗುಚಿ ಡಾಕಿಗೆ ಸಾಗಿಸುತ್ತಾರೆ.

ಪ್ರಯಾಣಿಕರ ಕೋಣೆಗಳು ಇನ್ನೂ ತಮಾಷೆ. ಅವು ಹಡಗಿನೊಳಗೆ ಹುಟ್ಟಿದವೇ ಅಲ್ಲ. ಬಾತ್‌ರೂಮು, ಗೋಡೆ, ದೀಪ ಸಮೇತ ಡಬ್ಬಿಯ ಹಾಗೆ ಬೇರೆ ಕಡೆ ತಯಾರಾಗುತ್ತವೆ. ಹಡಗಿನ ಪಕ್ಕೆಯಲ್ಲಿ ಬಿಟ್ಟ ಕಿಂಡಿಯಿಂದ ಒಳಗೆ ತೂರಿಸಿ, ಉರುಳೆಗಳ ಮೇಲೆ ಅದರ ಜಾಗಕ್ಕೆ ತಳ್ಳಿ, ನೀರು ಕರೆಂಟು ಸಿಕ್ಕಿಸಿದರೆ ಮುಗಿಯಿತು. ಬೆಂಕಿಪೆಟ್ಟಿಗೆಗೆ ಕಡ್ಡಿ ತುಂಬಿದ ಹಾಗೆ. ಇನ್ನು, ಹಡಗನ್ನು ಇಳಿಜಾರಿನಲ್ಲಿ ಜಾರಿಸಿ ನೀರಿಗೆ ಬಿಡುವ ಹಳೇ ಸಿನಿಮಾ ದೃಶ್ಯ ಇಲ್ಲಿ ಇರಲಿಲ್ಲ. ಡ್ರೈ ಡಾಕಿಗೆ ನೀರು ಬಿಟ್ಟರು, ಹಡಗು ತಾನಾಗಿ ಎದ್ದಿತು.

ಈ ಕೆಲಸದಲ್ಲಿ ನಮ್ಮ ದೇಶದವರೂ ಇದ್ದರು. ಉಪಗುತ್ತಿಗೆಯಲ್ಲಿ ಹೋಗಿದ್ದ ಭಾರತದ ಕಾರ್ಮಿಕರು 2003ರಲ್ಲಿ ಸಂಬಳ ಸರಿಯಾಗಿ ಸಿಗಲಿಲ್ಲ ಅಂತ ಅಲ್ಲಿ ಉಪವಾಸ ಕೂತಿದ್ದರು. ಉದ್ಘಾಟನೆಯ ಚಿತ್ರಗಳಲ್ಲಿ ಅವರು ಕಾಣುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಮೈಸೂರಿನಿಂದ: ಹಡಗು ಓಡುವ ಮೊದಲೇ ಅದರಲ್ಲಿ ಜನ ಸತ್ತಿದ್ದರು ಅಂತ ಓದಿದ್ದೇನೆ. ನಿಜವೇ?

ನಿಜ. 2003ರ ನವೆಂಬರ್ 15, ಶನಿವಾರ. ಕೆಲಸ ಹೆಚ್ಚುಕಡಿಮೆ ಮುಗಿದಿತ್ತು. ಕಟ್ಟಿದವರು ತಮ್ಮ ಮನೆಯವರನ್ನು ಕರೆತಂದು ತೋರಿಸಬಹುದು ಅಂತ ಹೇಳಿದ್ದರು. ದಡದಿಂದ ಹಡಗಿಗೆ ಹೋಗಲು ಗ್ಯಾಂಗ್‌ವೇ, ಅಂದರೆ ಒಂದು ಕಿರು ಸೇತುವೆ ಹಾಕಿದ್ದರು. ಜನ ಅದರ ಮೇಲಿರುವಾಗಲೇ ಅದು ಕುಸಿಯಿತು. ಕೆಳಗೆ ನೀರಿರಲಿಲ್ಲ, ಡ್ರೈ ಡಾಕಿನ ಕಾಂಕ್ರೀಟು. ಸುಮಾರು 15 ಮೀಟರ್ ಆಳ. 16 ಜನ ಸತ್ತರು, 32 ಜನರಿಗೆ ಗಾಯ. ಆಮೇಲೆ ಕೇಸು ನಡೆದು ಕಂಪನಿಗಳಿಗೆ ದಂಡ ಬಿತ್ತು. ಹಡಗಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಇದ್ದದ್ದು ಕೆಲವು ದಿನಕ್ಕೆ ಅಂತ ಹಾಕಿದ ಆ ಸೇತುವೆಯಲ್ಲಿ.

‘ನಮ್ಮಪ್ಪ ಕಟ್ಟಿದ ಹಡಗು’ ಅಂತ ನೋಡಲು ಬಂದ ಮಕ್ಕಳೂ ಆ ಸಾಲಿನಲ್ಲಿ ಇದ್ದಿರಬಹುದಲ್ಲ ಅಂತ ನೆನೆದರೆ ಮುಂದೆ ಬರೆಯಲು ಮನಸ್ಸಾಗುವುದಿಲ್ಲ.

ಎರಡು ತಿಂಗಳೂ ಕಳೆಯುವ ಮೊದಲು, 2004ರ ಜನವರಿ 8ಕ್ಕೆ, ರಾಣಿ ಎರಡನೇ ಎಲಿಜಬೆತ್ ಸೌತಾಂಪ್ಟನ್‌ನಲ್ಲಿ ಹಡಗಿಗೆ ಹೆಸರಿಟ್ಟರು. 12ಕ್ಕೆ ಮೊದಲ ಪ್ರಯಾಣ, ಅಮೆರಿಕದ ಫೋರ್ಟ್ ಲಾಡರ್‌ಡೇಲ್‌ಗೆ.

ದಾವಣಗೆರೆಯಿಂದ ಐಟಿಐ ವಿದ್ಯಾರ್ಥಿ: 1,48,528 ಟನ್ ಅಂತ ಬರೆದಿರುತ್ತದೆ. ಇಷ್ಟು ಭಾರ ಹೇಗೆ ತೇಲುತ್ತದೆ ಸರ್?

ಅದು ಭಾರ ಅಲ್ಲವೇ ಅಲ್ಲ! ಗ್ರಾಸ್ ಟನೇಜ್ ಅನ್ನುವುದು ಹಡಗಿನ ಒಳಗಿನ ಜಾಗದ ಅಳತೆ. ಹೆಸರಿನಲ್ಲಿ ಟನ್ ಇದೆ ಅಷ್ಟೇ. ನಿಜವಾದ ತೂಕ ಸುಮಾರು 79,000 ಟನ್. ಅಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸಿ ನಿಂತಿದೆ, ಆದ್ದರಿಂದ ತೇಲುತ್ತದೆ. ಪತ್ರಿಕೆಯವರೂ ಇದನ್ನು ತಪ್ಪು ಬರೆಯುತ್ತಾರೆ. ನಾನೂ ಒಂದು ಸಲ ಇದೇ ಪುಟದಲ್ಲಿ ಬರೆದಿದ್ದೇನೆ, ಹುಡುಕಬೇಡಿ.

ಬೆಂಗಳೂರಿನಿಂದ: ಎಂಜಿನ್ ಎಂಥದ್ದು? ನಡುಸಮುದ್ರದಲ್ಲಿ ಕೆಟ್ಟರೆ ಏನು ಗತಿ? ಇದು ಯಾವತ್ತಾದರೂ ಕೆಟ್ಟು ನಿಂತಿದೆಯೇ?

ನಿಂತಿದೆ. ಮೊದಲು ಎಂಜಿನ್ ವಿಷಯ. ಎಂಜಿನ್ ನೇರವಾಗಿ ಪ್ರೊಪೆಲ್ಲರ್ ತಿರುಗಿಸುವುದಿಲ್ಲ, ಕರೆಂಟ್ ಮಾಡುತ್ತದೆ. ಹಡಗಿನ ಹೊಟ್ಟೆಯಲ್ಲಿ ನಾಲ್ಕು ಡೀಸೆಲ್ ಎಂಜಿನ್. ಜೊತೆಗೆ ಎರಡು ಗ್ಯಾಸ್ ಟರ್ಬೈನ್. ವಿಮಾನದ ಎಂಜಿನ್‌ನ ಬಂಧು ಅವು, ವಿಪರೀತ ಗಾಳಿ ಕುಡಿಯುತ್ತವೆ, ಹಾಗಾಗಿ ಅವನ್ನು ಕೆಳಗೆ ಇಡದೆ ಹೊಗೆ ಕೊಳವೆಯ ಹತ್ತಿರ, ಮೇಲೆ ಇಟ್ಟಿದ್ದಾರೆ. ಎಲ್ಲ ಸೇರಿ ಸುಮಾರು 117 ಮೆಗಾವ್ಯಾಟ್. ನಮ್ಮ ಶಿವನಸಮುದ್ರದ ವಿದ್ಯುತ್ ಕೇಂದ್ರ 42 ಮೆಗಾವ್ಯಾಟ್‌ನದು, ಲೆಕ್ಕ ಹಾಕಿಕೊಳ್ಳಿ. ಈ ಕರೆಂಟು ಹಿಂದೆ ತಳದಲ್ಲಿ ನೇತಾಡುವ ನಾಲ್ಕು ‘ಪಾಡ್’ಗಳಿಗೆ ಹೋಗುತ್ತದೆ. ಪಾಡ್ ಅಂದರೆ ಒಳಗೆ ಮೋಟರ್, ತುದಿಗೆ ಪ್ರೊಪೆಲ್ಲರ್ ಇರುವ ದೊಡ್ಡ ಕೊಳವೆ. ಎರಡು ಅಲ್ಲಾಡುವುದಿಲ್ಲ, ಇನ್ನೆರಡು ಸುತ್ತಲೂ ತಿರುಗುತ್ತವೆ. ಹಾಗಾಗಿ ಚುಕ್ಕಾಣಿ ಅನ್ನುವುದೇ ಇಲ್ಲ. ಗರಿಷ್ಠ ವೇಗ ಸುಮಾರು 30 ನಾಟ್, ಅಂದರೆ ಗಂಟೆಗೆ 55 ಕಿಲೋಮೀಟರ್. ಈ ಗಾತ್ರಕ್ಕೆ ಅದು ಭಯಂಕರ ವೇಗ.

ಈಗ ಕೆಟ್ಟ ಕಥೆ. ಪಾಡ್‌ಗಳ ಬೇರಿಂಗ್ ಪದೇಪದೇ ಸವೆದು ಕಾಟ ಕೊಟ್ಟವು. ಕುನಾರ್ಡ್‌ನ ಒಡೆಯನಾದ ಕಾರ್ನಿವಲ್ ಕಂಪನಿ ಅವನ್ನು ಮಾಡಿಕೊಟ್ಟ ರೋಲ್ಸ್ ರಾಯ್ಸ್ ಮೇಲೆ ಕೇಸು ಹಾಕಿತು, 2011ರಲ್ಲಿ ಅಮೆರಿಕದ ಕೋರ್ಟು 2.4 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಅದಕ್ಕೂ ಮೊದಲು, 2006ರ ಜನವರಿಯಲ್ಲಿ, ಫೋರ್ಟ್ ಲಾಡರ್‌ಡೇಲ್‌ನಿಂದ ಹೊರಡುವಾಗ ಒಂದು ಪಾಡ್ ಕಾಲುವೆಯ ಬದಿಗೆ ತಗುಲಿ ಪೆಟ್ಟಾಯಿತು. ವೇಗ ಇಳಿಯಿತು, ಹೊತ್ತು ಹಿಡಿಯಲು ನಡುವಿನ ಬಂದರುಗಳನ್ನು ಬಿಟ್ಟು ಸೀದಾ ಬ್ರೆಜಿಲ್‌ನ ರಿಯೋ ಕಡೆ ನಡೆದರು. ಪ್ರಯಾಣಿಕರು ಕೆಂಡಾಮಂಡಲ. ರಿಯೋದಲ್ಲಿ ಹಡಗಿನಿಂದ ಇಳಿಯುವುದೇ ಇಲ್ಲ, ಇಲ್ಲೇ ಧರಣಿ ಕೂರುತ್ತೇವೆ ಅಂದರು. ಕಂಪನಿ ಮೊದಲು ಅರ್ಧ ದುಡ್ಡು ಅಂದಿತು, ಕೊನೆಗೆ ಪೂರ್ತಿ ವಾಪಸ್ ಕೊಟ್ಟಿತು.

ನಿಜವಾದ ಗಂಡಾಂತರ ಬಂದದ್ದು 2010ರ ಸೆಪ್ಟೆಂಬರ್ 23ರ ಬೆಳಗಿನ ಜಾವ, ಬಾರ್ಸಿಲೋನಾ ಹತ್ತಿರ. ಸುಮಾರು ನಾಲ್ಕೂವರೆ ಗಂಟೆ. ಹಿಂಭಾಗದ ಒಂದು ವಿದ್ಯುತ್ ಕೋಣೆಯಲ್ಲಿ ಸ್ಫೋಟ. ನಾಲ್ಕೂ ಪಾಡ್ ನಿಂತವು, ಸ್ವಲ್ಪದರಲ್ಲೇ ಇಡೀ ಹಡಗಿನ ಕರೆಂಟೇ ಹೋಯಿತು. ತುರ್ತು ಜನರೇಟರ್ ತಾನಾಗಿ ಹತ್ತಿಕೊಂಡಿತು, ಆದರೆ ಅದರಿಂದ ಹಡಗು ನಡೆಯುವುದಿಲ್ಲ. 345 ಮೀಟರ್‌ನ ರಾಣಿ ಕತ್ತಲಲ್ಲಿ ಸುಮ್ನೆ ತೇಲುತ್ತಿದ್ದಳು. ಅದೃಷ್ಟಕ್ಕೆ ಸುತ್ತ ಡಿಕ್ಕಿ ಹೊಡೆಯುವಂಥದ್ದೇನೂ ಇರಲಿಲ್ಲ, ಯಾರಿಗೂ ಗಾಯ ಆಗಲಿಲ್ಲ. ಒಂದು ಗಂಟೆಯೊಳಗೆ ಮತ್ತೆ ಹೊರಟಳು.

ಕಾರಣ ಗೊತ್ತೇ? ಒಂದು ಕೆಪಾಸಿಟರ್. ಮನೆ ಫ್ಯಾನು ನಿಧಾನ ಆದಾಗ ಎಲೆಕ್ಟ್ರಿಷಿಯನ್ ಬಂದು ‘ಕಂಡೆನ್ಸರ್ ಹೋಗಿದೆ ಸಾರ್’ ಅಂತ ಬದಲಿಸುತ್ತಾನಲ್ಲ, ಅದರ ದೊಡ್ಡಣ್ಣ. ಕರೆಂಟಿನ ಏರುಪೇರು ಸರಿಪಡಿಸಲು ಹಾಕಿದ್ದು. ಅದು ಒಳಗೊಳಗೇ ಹಾಳಾಗಿ ಒಡೆಯಿತು. ಬ್ರಿಟನ್ನಿನ ಸಮುದ್ರ ಅಪಘಾತ ತನಿಖಾ ಸಂಸ್ಥೆಯ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ಕೆಪಾಸಿಟರ್ ಹಾಳಾಗುತ್ತಿದೆ ಅಂತ ಮೊದಲೇ ಎಚ್ಚರಿಸಲು ಒಂದು ಸಾಧನ ಇತ್ತು. ಅದು ವರ್ಷಗಳಿಂದ ಕೆಲಸವೇ ಮಾಡುತ್ತಿರಲಿಲ್ಲ. ಅಲಾರಂ ಬಡಿಯುತ್ತಿಲ್ಲ, ಅಂದರೆ ಎಲ್ಲ ಸರಿ ಇದೆ ಅಂತ ಎಲ್ಲರೂ ನಿಶ್ಚಿಂತೆಯಿಂದ ಇದ್ದರು.

ನನಗೆ ವಿಚಿತ್ರ ಅನ್ನಿಸುವುದು ಇದೇ. ಅಟ್ಲಾಂಟಿಕ್ ಅಲೆಗೆ ಹೆದರಿ ಅಷ್ಟು ಉಕ್ಕು ಸುರಿದರು. ಆದರೆ ಇದಕ್ಕೆ ಕಾಟ ಕೊಟ್ಟದ್ದು ಬೇರಿಂಗು, ಕಂಡೆನ್ಸರು, ಒಂದು ತಾತ್ಕಾಲಿಕ ಸೇತುವೆ. ಅಲೆಯ ಕಥೆ ಬರೆಯೋಣ ಅಂತ ಕೂತರೆ ಬರೆಯಲು ಅಂಥದ್ದೇನೂ ಸಿಗುವುದಿಲ್ಲ.

ಶಿರಸಿಯಿಂದ ಐದನೇ ಕ್ಲಾಸಿನ ಹುಡುಗಿ: ಹಡಗಿನಲ್ಲಿ ನಾಯಿ ಕರೆದುಕೊಂಡು ಹೋಗಬಹುದಾ?

ಈ ಹಡಗಿನಲ್ಲಿ ಹೋಗಬಹುದು ಪುಟ್ಟಿ! ಅಟ್ಲಾಂಟಿಕ್ ದಾಟುವಾಗ ನಾಯಿ, ಬೆಕ್ಕುಗಳಿಗೆ ಬೇರೆ ಗೂಡುಗಳೇ ಇವೆ. ಮೊದಲು 12 ಇದ್ದವು, 2016ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹಡಗನ್ನು ಹೊಸದಾಗಿ ಸಿಂಗರಿಸಿದಾಗ ಇನ್ನಷ್ಟು ಸೇರಿಸಿದರು. ನಾಯಿಗಳು ಕಾಲೆತ್ತಲು ಡೆಕ್ಕಿನ ಮೇಲೆ ಇಂಗ್ಲೆಂಡಿನ ಒಂದು ದೀಪದ ಕಂಬ, ಪಕ್ಕದಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿರುವಂಥ ಬೆಂಕಿ ಆರಿಸುವ ನೀರಿನ ಕೊಳಾಯಿ ಕಂಬ ನಿಲ್ಲಿಸಿದ್ದಾರೆ. ಯಾವ ದೇಶದ ನಾಯಿಗೂ ಬೇಜಾರಾಗಬಾರದಲ್ಲ. ಆದರೆ ಗೂಡಿಗೆ ಬೇಡಿಕೆ ಜಾಸ್ತಿ, ತುಂಬಾ ಮೊದಲೇ ಬುಕ್ ಮಾಡಬೇಕು. ನಿನ್ನ ನಾಯಿಯ ಹೆಸರು ಬರೆಯಲೇ ಇಲ್ಲವಲ್ಲ ನೀನು?

ಅದೇ ರಿಪೇರಿಯಲ್ಲಿ ಒಬ್ಬರೇ ಹೋಗುವವರಿಗೆ 15 ಸಣ್ಣ ಕೋಣೆಗಳನ್ನೂ ಸೇರಿಸಿದರು. ಕಾರ್ಪೆಟ್, ಪರದೆಗಳ ಬಗ್ಗೆ ಪುಟಗಟ್ಟಲೆ ವರದಿ ಬಂದವು, ಅವನ್ನು ಬಿಡುತ್ತೇನೆ.

ಕಾರ್ಕಳದಿಂದ ಒಬ್ಬ ತಾಯಿ: ಮಗ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ‘ಶಿಪ್ಪಿಗೆ ಹೋಗುತ್ತೇನೆ’ ಅನ್ನುತ್ತಿದ್ದಾನೆ. ಇಂಥ ಹಡಗಿನಲ್ಲಿ ಕೆಲಸ ಹೇಗಿರುತ್ತದೆ?

ಅಮ್ಮ, ನಿಮ್ಮ ಕಡೆ ಒಂದೊಂದು ಬೀದಿಯಲ್ಲೂ ಶಿಪ್ಪಿಗೆ ಹೋದವರ ಮನೆ ಇರುತ್ತದೆ. ಅವರನ್ನೇ ಕೇಳುವುದು ಒಳ್ಳೆಯದು. ಆದರೂ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. ಈ ಹಡಗಿನಲ್ಲಿ ಸುಮಾರು 2,700 ಪ್ರಯಾಣಿಕರಿಗೆ 1,200ಕ್ಕೂ ಹೆಚ್ಚು ಸಿಬ್ಬಂದಿ. ಅವರ ಲೋಕವೇ ಬೇರೆ. ಕೆಳಗೆ, ಹಡಗಿನ ಉದ್ದಕ್ಕೂ ಒಂದು ದಾರಿ ಇರುತ್ತದೆ. ಬ್ರಿಟಿಷ್ ಹಡಗುಗಳಲ್ಲಿ ಅದನ್ನು ‘ಬರ್ಮಾ ರೋಡ್’ ಅನ್ನುವ ರೂಢಿ. ತರಕಾರಿ ಗಾಡಿ, ಒಗೆಯುವ ಬಟ್ಟೆ, ಓಡುವ ವೇಟರ್‌ಗಳು, ಎಲ್ಲ ಅಲ್ಲೇ. ಒಂದು ಕಾಂಟ್ರಾಕ್ಟ್ ಅಂದರೆ ಎಷ್ಟೋ ತಿಂಗಳು, ವಾರದ ರಜೆ ಅನ್ನುವುದು ಇಲ್ಲ. ದುಡ್ಡು ಉಳಿಯುತ್ತದೆ ನಿಜ, ಖರ್ಚು ಮಾಡಲು ಹೊತ್ತು ಎಲ್ಲಿ?

ಇನ್ನೊಂದು ಮಾತು. ಹಡಗು ಯಾವ ದೇಶದ ಬಾವುಟ ಹಾಕಿಕೊಂಡಿದೆಯೋ ಆ ದೇಶದ ಕಾನೂನು ಅಲ್ಲಿ ನಡೆಯುತ್ತದೆ. ಕ್ವೀನ್ ಮೇರಿ 2 ಹಿಂಭಾಗದಲ್ಲಿ, ನೋಂದಣಿಯಾದ ಊರಿನ ಹೆಸರಾಗಿ, ಮೊದಲು ಸೌತಾಂಪ್ಟನ್ ಅಂತ ಬರೆದಿತ್ತು. 2011ರಲ್ಲಿ ಅದನ್ನು ಅಳಿಸಿ ಅಟ್ಲಾಂಟಿಕ್‌ನ ಬರ್ಮುಡಾ ದ್ವೀಪದ ಹ್ಯಾಮಿಲ್ಟನ್ ಅಂತ ಬರೆದರು. ಹಡಗಿನಲ್ಲೇ ಮದುವೆ ಮಾಡಿಸಲು ಅಲ್ಲಿನ ಕಾನೂನು ಅನುಕೂಲ ಅಂತ ಕಂಪನಿ ಹೇಳಿತು. ಕೆಲಸಗಾರರ ಕಾನೂನು ತಪ್ಪಿಸಿಕೊಳ್ಳಲು ಅಂತ ಟೀಕಿಸಿದವರೂ ಇದ್ದರು. ನನಗೆ ಎರಡನೆಯದೇ ಹೆಚ್ಚು ನಂಬಿಕೆ ಬರುತ್ತದೆ, ಬರೀ ಮದುವೆಗೆ ಯಾರು ಊರು ಬದಲಿಸುತ್ತಾರೆ!

ಮಗನಿಗೆ ಹೇಳಿ: ಕೈಗೆ ದುಡ್ಡು ಕೊಡುವ ಮೊದಲು ಏಜೆಂಟನಿಗೆ ಕೇಂದ್ರ ಸರ್ಕಾರದ ಡಿಜಿ ಶಿಪ್ಪಿಂಗ್ ಕೊಟ್ಟ ಲೈಸೆನ್ಸ್ ಇದೆಯೇ ಅಂತ ನೋಡಲಿ. ನನ್ನ ಚಿಕ್ಕಮ್ಮನ ಮಗ ನೋಡಲಿಲ್ಲ. ಒಬ್ಬ ಏಜೆಂಟನಿಗೆ ದುಡ್ಡು ಸುರಿದು, ಮುಂಬೈಯ ಲಾಡ್ಜಿನಲ್ಲಿ ನಾಲ್ಕು ವಾರ ‘ನಾಳೆ ಜಾಯಿನಿಂಗ್’ ಅಂತ ಕಾದು, ಕೊನೆಗೆ ವಾಪಸ್ ಬಸ್ ಹತ್ತಿದ. ಈಗ ಉಡುಪಿಯಲ್ಲಿ ಕೇಟರಿಂಗ್ ಮಾಡುತ್ತಾನೆ, ಚೆನ್ನಾಗಿಯೇ ಇದ್ದಾನೆ.

ಚಿಕ್ಕಮಗಳೂರಿನಿಂದ: ಹೆಸರಿನಲ್ಲಿ 2 ಇದೆ. 1 ಎಲ್ಲಿದೆ?

1936ರಲ್ಲಿ ಓಡಲು ಶುರು ಮಾಡಿದ ಹಳೇ ಕ್ವೀನ್ ಮೇರಿ ಈಗ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಹೋಟೆಲ್ ಆಗಿ ನಿಂತಿದೆ. ಅದರ ಒಂದು ಸೀಟಿಯನ್ನು ಬಿಚ್ಚಿ ತಂದು ಹೊಸ ಹಡಗಿಗೆ ಹಾಕಿದ್ದಾರೆ. 16 ಕಿಲೋಮೀಟರ್ ದೂರಕ್ಕೆ ಕೇಳಿಸುತ್ತದಂತೆ. 2006ರ ಫೆಬ್ರವರಿಯಲ್ಲಿ ಹೊಸದು ಲಾಂಗ್ ಬೀಚ್‌ಗೆ ಹೋಗಿ ಸೀಟಿ ಹಾಕಿತು, ಹಳೆಯದೂ ತಿರುಗಿ ಹಾಕಿತು. ಅಜ್ಜಿ ಮೊಮ್ಮಗಳು ಮಾತಾಡಿಕೊಂಡ ಹಾಗೆ.

ಮತ್ತೆ ಬೆಂಗಳೂರಿನಿಂದ: ವಿಮಾನದಲ್ಲಿ ಎಂಟು ಗಂಟೆಯಲ್ಲಿ ಮುಟ್ಟುವ ಊರಿಗೆ ಇದರಲ್ಲಿ ಎಷ್ಟು ದಿನ? ಈಗಲೂ ಓಡುತ್ತಿದೆಯೇ?

ಓಡುತ್ತಿದೆ. ಕೋವಿಡ್ ಬಂದಾಗ ಲೋಕಸಂಚಾರ ಅರ್ಧಕ್ಕೇ ನಿಂತಿತು. 2020ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಬಹಳಷ್ಟು ಜನರನ್ನು ಇಳಿಸಿ ವಿಮಾನ ಹತ್ತಿಸಿದರು. 2021ರ ಕೊನೆಯಲ್ಲಿ ಮತ್ತೆ ಶುರುವಾಯಿತು. ಮೊದಲು ಆರು ರಾತ್ರಿಯಲ್ಲಿ ದಾಟುತ್ತಿತ್ತು, ಈಗ ಸಾಮಾನ್ಯವಾಗಿ ಏಳು. ಎಂಜಿನ್ ಮುದಿಯಾಯಿತು ಅಂತಲ್ಲ, ನಿಧಾನ ಹೋದರೆ ಇಂಧನ ಉಳಿಯುತ್ತದೆ, ಪ್ರಯಾಣಿಕರಿಗೂ ಅವಸರ ಇಲ್ಲ.

ಒಂದು ಲಾಭ ಇದೆ. ನ್ಯೂಯಾರ್ಕ್ ಇಂಗ್ಲೆಂಡಿಗಿಂತ ಐದು ಗಂಟೆ ಹಿಂದೆ. ಹಾಗಾಗಿ ಆ ಕಡೆ ಹೋಗುವಾಗ ಐದು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಅಂದರೆ ಆ ದಿನಗಳಿಗೆ 25 ಗಂಟೆ. ಬರುವಾಗ ಉಲ್ಟಾ, 23. ನಿದ್ದೆ ಇಷ್ಟ ಇದ್ದವರು ಹೋಗುವಾಗ ಹಡಗಿನಲ್ಲಿ ಹೋಗಿ, ವಾಪಸ್ ವಿಮಾನದಲ್ಲಿ ಬನ್ನಿ.